ಕೈಯೋ, ನೀರೋ

ಹೋದ ಆಗಸ್ಟಿನಲ್ಲಿ ಸಿಂಧನೂರಿನ ಒಂದು ಮದುವೆಗೆಂದು ರಾಯಚೂರಿನಲ್ಲಿ ಬಸ್ಸು ಹತ್ತಿದ್ದೆ. ಪೋತ್ನಾಳ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಯರು ಪಂಕ್ಚರ್ ಆಗಿ ಬಸ್ಸು ಕಾಲುವೆಯ ಸೇತುವೆ ಪಕ್ಕ ನಿಂತಿತು. ಎಲ್ಲರ ಜೊತೆ ನಾನೂ ಇಳಿದೆ. ಹೊಸ ನೀರು ಬಿಟ್ಟು ಕೆಲವೇ ದಿನಗಳಾಗಿರಬೇಕು. ಕೆಸರು ಬಣ್ಣದ ನೀರು ಸದ್ದಿಲ್ಲದೆ ಓಡುತ್ತಿತ್ತು. ದಂಡೆಯ ಮೇಲೆ ಕಿತ್ತು ಹಾಕಿದ ಜೊಂಡು ಕೊಳೆಯುತ್ತಿದ್ದ ವಾಸನೆ, ಹೂಳಿನ ವಾಸನೆ, ಆಗಷ್ಟೇ ನಾಟಿ ಮಾಡಿದ ಗದ್ದೆಗಳ ಹಸಿ ವಾಸನೆ. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳು, 'ಎಷ್ಟು ತಂಪ್ ಗಾಳಿ ಅದಲ್ರೀ' ಅಂದಳು. ನಾನು ಸೇತುವೆಯ ಕಟ್ಟೆ ಹಿಡಿದುಕೊಂಡು ವಾಂತಿ ಮಾಡಿಕೊಂಡೆ.

ಆ ಕಾಲುವೆಯ ಬದಿಯ ಊರಿನಲ್ಲಿ ನಾನು ಇದ್ದದ್ದು ಒಂದೇ ವರ್ಷ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳಿಗೆ ಇದು ನಾಚಿಕೆಯ ಸಂಗತಿ. ಅಲ್ಲಿ ನಮಗೆ ಕಲಿಸಿದ್ದೇ ಆಕರಗಳನ್ನು ಅನುಮಾನಿಸುವುದನ್ನು. ಬರೆದಿಟ್ಟದ್ದಾದರೆ ಬರೆದವನು ಯಾರೆಂದು ನೋಡು, ಬಾಯಿಂದ ಬಾಯಿಗೆ ಬಂದದ್ದಾದರೆ ದಾರಿಯಲ್ಲಿ ಏನೇನು ಸೇರಿತೆಂದು ನೋಡು. ಆ ವರ್ಷದ ನನ್ನ ದಿನಚರಿ ಈಗಲೂ ಇದೆ, ಇಸವಿ ಬರೆಯದ ಒಂದು ನೋಟುಬುಕ್ಕು. ಶಾಲೆಯ ಸೋರುವ ಮಾಡು, ಚೇಳು ಕಡಿದ ಹುಡುಗಿ, ಕಾಲುವೆಗೆ ನೀರು ಬಿಟ್ಟ ಸುದ್ದಿ, ಎಲ್ಲವೂ ಅದರಲ್ಲಿದೆ. ಮುಖ್ಯವಾದ ದಿನದ ಪುಟದಲ್ಲಿ ಮಾತ್ರ 'ದಾವೀದ ಹೋದ' ಎಂದಷ್ಟೇ ಬರೆದಿದ್ದೇನೆ. ಉಳಿದದ್ದಕ್ಕೆಲ್ಲ ನನ್ನ ನೆನಪೇ ಸಾಕ್ಷಿ. ಆ ಸಾಕ್ಷಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಊರಿನ ಹೆಸರು ಬೇಡ; ಅಲ್ಲಿ ದಾವೀದನ ಕಡೆಯವರು ಇನ್ನೂ ಇದ್ದಾರೆ. ಊರ ಹೊರಗೆ ಕ್ರೈಸ್ತರ ಕೇರಿ, ಕೇರಿಯ ನಡುವೆ ಸುಣ್ಣ ಬಳಿದ ಸಣ್ಣ ಚರ್ಚು. ಅದನ್ನು ಎಲ್ಲರೂ ಗುಡಿ ಎಂದೇ ಕರೆಯುತ್ತಿದ್ದರು. ಗುಡಿಗೆ ಅಂಟಿಕೊಂಡು ನಾನು ಕಲಿಸಬೇಕಾದ ಶಾಲೆ. ಪೂಜೆ ಮಾಡಲು ಸ್ವಾಮಿಗಳು, ಅಂದರೆ ಪಾದ್ರಿಗಳು, ಮಾನ್ವಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಗುಡಿಯೂ ಕೇರಿಯೂ ಉಪದೇಶಿ ಆರೋಗ್ಯಪ್ಪನವರ ಕೈಯಲ್ಲಿ. ಜಪ ಹೇಳಿಸುವವರು ಅವರು, ಸಾಯುವವರ ಪಕ್ಕದಲ್ಲಿ ಕೂರುವವರು ಅವರು, ಕೂಸಿನ ಜೀವ ಹೋಗುವಂತಿದ್ದರೆ ಸ್ವಾಮಿಗಳಿಗೆ ಕಾಯದೆ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡುವವರೂ ಅವರೇ. ಅವರ ಮನೆಯ ಪಡಸಾಲೆಯ ಪಕ್ಕದ ಕೋಣೆ ನನ್ನದಾಗಿತ್ತು. ನಾನೂ ಕ್ರೈಸ್ತಳೇ, ರಾಯಚೂರಿನ ರೈಲ್ವೆ ನೌಕರನ ಮಗಳು. ಆದರೆ ಭಾನುವಾರ ಬಿಟ್ಟರೆ ದೇವರ ನೆನಪಾಗದ ಮನೆಯಿಂದ ಬಂದವಳು. ಉಪದೇಶಿಯ ಹೆಂಡತಿ ಅನ್ನಮ್ಮ ಅದನ್ನು ಬೇಗ ಕಂಡುಹಿಡಿದಳು. 'ಅಕ್ಕೋರ, ನೀವು ಜಪದಾಗ ತುಟಿ ಅಷ್ಟ ಅಲ್ಲಾಡಸ್ತೀರಿ' ಎಂದು ನಕ್ಕಿದ್ದಳು. ಆಕೆ ದೇವದುರ್ಗದ ಕಡೆಯವಳು, ನಗುವಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ದಾವೀದ ಅವರ ಒಬ್ಬನೇ ಮಗ.

ಅವನು ರಾಯಚೂರಿನಲ್ಲಿ ಪಿಯುಸಿ ಓದಿ ನಪಾಸಾಗಿ ಬಂದಿದ್ದ. ಬರುವಾಗ ಒಂದು ಬೈಬಲ್ ತಂದಿದ್ದ. ಈಗಿನವರಿಗೆ ವಿಚಿತ್ರ ಅನಿಸಬಹುದು, ಆ ಕೇರಿಯ ಯಾವ ಮನೆಯಲ್ಲೂ ಅದುವರೆಗೆ ಬೈಬಲ್ ಇರಲಿಲ್ಲ. ಜಪದ ಪುಸ್ತಕವಿತ್ತು, ಜಪಸರವಿತ್ತು, ಗೋಡೆಗೆ ಮಾತೆ ಮರಿಯಳ ಪಟವಿತ್ತು. ಓದುವ ಕೆಲಸ ಸ್ವಾಮಿಗಳದು, ಕೇಳುವ ಕೆಲಸ ಉಳಿದವರದು. ದಾವೀದ ಹೊಲದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಆ ಪುಸ್ತಕ ಹಿಡಿದು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮೊದಮೊದಲು ಉಪದೇಶಿಗಳಿಗೆ ಹೆಮ್ಮೆಯೇ ಇತ್ತು. ಮಗ ಸ್ವಾಮಿಯಾಗಲು ಸೆಮಿನರಿಗೆ ಸೇರಿಯಾನು ಎಂದು ನನ್ನ ಮುಂದೆ ಒಮ್ಮೆ ಅಂದಿದ್ದರು.

ಅದೇ ಬೇಸಿಗೆಯಲ್ಲಿ ಅವನಿಗೆ ಪಾಸ್ಟರ್ ಪ್ರಕಾಶಂ ಸಿಕ್ಕರು. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲ ಕೊಂಡು ನೆಲಸಿದವರ ವಸತಿಗಳನ್ನು ನಮ್ಮಲ್ಲಿ ಕ್ಯಾಂಪು ಎನ್ನುತ್ತಾರೆ. ಹತ್ತಿರದ ಒಂದು ಕ್ಯಾಂಪಿನಲ್ಲಿ ತಗಡಿನ ಚಪ್ಪರ ಹಾಕಿ ಪಾಸ್ಟರ್ ಪ್ರಾರ್ಥನೆ ನಡೆಸುತ್ತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಪ್ಯಾಂಟು, ಸೈಕಲ್ಲಿನ ಹಿಂದೆ ಕಟ್ಟಿದ ಡೋಲಕ್ಕು. ಅವರು ಹೇಳುತ್ತಿದ್ದದ್ದು ಒಂದೇ ಮಾತು. ಪುಸ್ತಕದಲ್ಲಿ ಇದ್ದರೆ ಮಾಡು, ಇಲ್ಲದಿದ್ದರೆ ಬಿಡು. ಮಾತೆಯ ಮೂರ್ತಿಗೆ ಹೂವಿನ ಹಾರ ಪುಸ್ತಕದಲ್ಲಿ ಇಲ್ಲ. ಸತ್ತವರ ಹೆಸರಲ್ಲಿ ಪೂಜೆ ಇಲ್ಲ. ಕೂಸಿನ ತಲೆಗೆ ನೀರು ಹಾಕುವುದೂ ಇಲ್ಲ. ನಂಬಿಕೆ ಹುಟ್ಟಿದ ದೊಡ್ಡವನು ನೀರಿಗಿಳಿದು ಪೂರ್ತಿ ಮುಳುಗಿ ಏಳಬೇಕು, ಅದೇ ದೀಕ್ಷಾಸ್ನಾನ. ಅದಿಲ್ಲದೆ ಸತ್ತವನಿಗೆ ರಕ್ಷಣೆ ಇಲ್ಲ.

ಆ ಮನೆಯಲ್ಲಿ ಜಗಳ ಶುರುವಾದದ್ದು ಊಟದ ಹೊತ್ತಿನಲ್ಲಿ. ಜೋಳದ ರೊಟ್ಟಿ, ಪುಂಡಿಪಲ್ಲೆ. ದಾವೀದ ತಾಟು ಸರಿಸಿ ಕೇಳಿದ:

'ಯಪ್ಪಾ, ನನ್ನ ತಲಿಗಿ ನೀರು ಹಾಕಿದಾಗ ನಾ ಏನು ನಂಬಿದ್ದೆ?'

'ಹಾಲು ನಂಬಿದ್ದಿ' ಎಂದಳು ಅನ್ನಮ್ಮ ಒಲೆಯ ಹತ್ತಿರದಿಂದ.

'ನಗಬ್ಯಾಡ ಯವ್ವಾ. ಕೂಸಿಗೆ ನೀರು ಹಾಕ್ರಿ ಅಂತ ಎಲ್ಲಿ ಬರದದ ತೋರಸ್ರಿ. ಒಂದ ಒಂದು ಸಾಲು ತೋರಸ್ರಿ, ನಾ ನಾಳಿಂದ ಪುಸ್ತಕ ಮುಚ್ಚಿಡ್ತೀನಿ.'

ಉಪದೇಶಿಗಳು ನಿಧಾನವಾಗಿ ಬಾಯಲ್ಲಿದ್ದದ್ದನ್ನು ನುಂಗಿದರು. 'ನಮ್ಮ ಮುತ್ಯಾಗ ಓದಾಕ ಬರ್ತಿರಲಿಲ್ಲ. ಬರಗಾಲದಾಗ ಊರಾಗಿನವ್ರು ಬಾವಿ ಮುಟ್ಟಗೊಡದಿದ್ದಾಗ ಒಬ್ರು ಸ್ವಾಮಿಗೋಳು ಬಂದು ಕೈ ಹಿಡದ್ರು. ಅಂವ ಯಾವ ಪುಸ್ತಕ ಓದಿ ಕ್ರಿಸ್ತಾನ ಆದ? ಕೇಳಿ ಆದ. ಕೇಳಿದ್ದು ನಮ್ಮಪ್ಪಗ ಹೇಳಿದ, ನಮ್ಮಪ್ಪ ನನಗ ಹೇಳಿದ. ಈ ಪುಸ್ತಕ ದೇವ್ರದು ಅಂತ ನಿನಗ ಹೇಳಿದವ್ರು ಯಾರಲೇ? ಪುಸ್ತಕ ತಾನ ಎದ್ದು ಬಂದು ಹೇಳ್ತೇನು? ಇದು ಇರಲಿ, ಇದು ಬ್ಯಾಡ ಅಂತ ಆರಿಸಿ, ಹೊಲದು ಕೊಟ್ಟವ್ರು ಗುಡಿಯವ್ರು. ಗುಡಿ ಮೊದಲು, ಪುಸ್ತಕ ಆಮ್ಯಾಲ.'

'ಹಂಗಂದ್ರ ದೇವ್ರ ಮಾತಿಗಿಂತ ಮುತ್ಯಾನ ಮಾತು ದೊಡ್ಡದೇನು?'

'ಮುತ್ಯಾನ ಮಾತಿಲ್ಲಂದ್ರ ದೇವ್ರ ಮಾತು ನಿನ್ನ ಕಿವಿ ತನಕ ಬರ್ತಿದ್ದಿಲ್ಲ.'

ಇಬ್ಬರೂ ನನ್ನ ಕಡೆ ತಿರುಗಿದರು. 'ಅಕ್ಕೋರ, ಎಂ.ಎ. ಮಾಡೀರಿ, ನೀವ ಹೇಳ್ರಿ' ಎಂದ ದಾವೀದ. ಬರೆದದ್ದನ್ನೂ ಕೇಳಿದ್ದನ್ನೂ ಒಂದರ ಪಕ್ಕ ಒಂದಿಟ್ಟು ತೂಗಬೇಕು ಎಂದೇನೋ ಹೇಳಿದೆ. 'ಅಕ್ಕೋರು ತಕ್ಕಡಿ ಹಿಡಕೊಂಡು ಅಂಗಡಿ ಇಟ್ರು ನೋಡ್ರಿ' ಎಂದು ಅವನು ನಕ್ಕ. ಉಪದೇಶಿಗಳೂ ನಕ್ಕರು. ತಂದೆ ಮಗ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆಯ ಸಲ ಅನಿಸುತ್ತದೆ. ಅಥವಾ ಹಾಗೆ ಅನಿಸಲಿ ಎಂದು ನೆನಪು ಅದನ್ನು ಅಲ್ಲಿ ತಂದು ಇಟ್ಟಿದೆಯೋ ಏನೋ.

ಮಳೆ ಬಂದಿರಲಿಲ್ಲ. ಗಾಳಿ ಮಾತ್ರ ಕಣ್ಣಿಗೆ ಮಣ್ಣು ತುಂಬುತ್ತಿತ್ತು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಗೋಡೆಯ ಮೇಲಿನ ಮಾತೆಯ ಪಟ ಇರಲಿಲ್ಲ. ದಾವೀದ ಅದನ್ನು ತೆಗೆದು ದನದ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಒಡೆದಿರಲಿಲ್ಲ, ಬರೀ ಇಟ್ಟಿದ್ದ. ಉಪದೇಶಿಗಳು ಎತ್ತು ಹೊಡೆಯುವ ಬಾರುಕೋಲು ತಂದರು. ಒಂದು ಮಾತೂ ಆಡದೆ ಹೊಡೆದರು. ಬಾರು ಬೆನ್ನಿಗೆ ಬಿದ್ದಾಗಲೆಲ್ಲ ಅಂಗಿ ಹರಿಯುವ ಸದ್ದು, ಆಮೇಲೆ ಅಂಗಿ ಇಲ್ಲದ ಮೈಗೆ ಬೀಳುವ ಬೇರೆ ಸದ್ದು. ದಾವೀದ ಕಂಬ ಅಪ್ಪಿ ನಿಂತು ಯಾವುದೋ ವಾಕ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದ. ಅದು ಉಪದೇಶಿಗಳನ್ನು ಇನ್ನೂ ಕೆರಳಿಸಿತು. ಅನ್ನಮ್ಮ ಅಡ್ಡ ಬಿದ್ದಳು. ಬಾರಿನ ತುದಿ ಅವಳ ಕೆನ್ನೆ ಸೀಳಿತು. ರಕ್ತ ನೋಡಿದ ಮೇಲೆ ಅವರ ಕೈ ನಿಂತಿತು, ಆದರೆ ಕೋಲು ಬಿಡಲಿಲ್ಲ.

ಮರುದಿನ ದಾವೀದ ದೇವದುರ್ಗಕ್ಕೆ ಸೋದರಮಾವನ ಮನೆಗೆ ಹೋದ. ಅವನು ತಿರುಗಿ ಬಂದದ್ದು ಕಾಲುವೆ ತುಂಬಿದ ಮೇಲೆ. ಅಪ್ಪನ ಮನೆಗೆ ಬರಲಿಲ್ಲ, ಕ್ಯಾಂಪಿಗೆ ಹೋಗಿ ಪಾಸ್ಟರ ಚಪ್ಪರದಲ್ಲೇ ಇಳಿದುಕೊಂಡ.

ಸೆಪ್ಟೆಂಬರಿನಲ್ಲಿ ಮಾತೆಯ ಹಬ್ಬ. ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಕೇರಿ ಸುತ್ತುವುದು ವಾಡಿಕೆ. ಮುಂದೆ ಉಪದೇಶಿಗಳು ಶಿಲುಬೆ ಹಿಡಿದಿದ್ದರು. ಅವರ ಪಕ್ಕ ಗುಡಿಯ ಹಿರಿಯ ಇನ್ನಾಸಪ್ಪ, ಎತ್ತರದ ಆಳು, ಕೂಗಿದರೆ ಮೂರು ಹೊಲ ಕೇಳಿಸುವ ದನಿ. ಕೇರಿಯ ಬಾಯಿಗೆ ಬರುವಷ್ಟರಲ್ಲಿ ಎದುರಿಗೆ ಕ್ಯಾಂಪಿನವರು ಡೋಲಕ್ಕು ಬಾರಿಸುತ್ತ ನಿಂತಿದ್ದರು. ನಡುವೆ ದಾವೀದ, ಕೈಯಲ್ಲಿ ಬಿಚ್ಚಿದ ಪುಸ್ತಕ. ಅವನು ಓದುತ್ತಿದ್ದದ್ದು ಕಲ್ಲು ಮರದ ಮೂರ್ತಿ ಮಾಡಬೇಡ ಎಂಬ ಆಜ್ಞೆಯನ್ನು. 'ದಾರಿ ಬಿಡಲೇ ದಾವ್ಯಾ' ಎಂದು ಇನ್ನಾಸಪ್ಪ ಕೂಗಿದ. ಮೊದಲ ಕಲ್ಲು ಯಾವ ಕಡೆಯಿಂದ ಬಂತೋ ನನಗೆ ಗೊತ್ತಿಲ್ಲ. ಆಮೇಲೆ ಎರಡೂ ಕಡೆಯವರು ಆಣೆ ಮಾಡಿ ಹೇಳಿದ್ದು ಬೇರೆ ಬೇರೆ. ಒಂದು ಕಲ್ಲು ಮಾತೆಯ ಬಲಗೈಯನ್ನು ಮೊಣಕೈವರೆಗೆ ಒಡೆಯಿತು. ಹೊತ್ತವರು ಮೂರ್ತಿಯನ್ನು ನೆಲಕ್ಕಿಟ್ಟು ಅದೇ ಬಿದಿರ ಗಳಗಳನ್ನು ಎಳೆದುಕೊಂಡು ಬಡಿಯತೊಡಗಿದರು. ಕ್ಯಾಂಪಿನ ಒಬ್ಬನ ಮುಂದಿನ ಹಲ್ಲುಗಳು ಉದುರಿದವು. ಇನ್ನಾಸಪ್ಪನ ಕಿವಿ ಹರಿದು ಜೋತಾಡಿತು. ಡೋಲಕ್ಕನ್ನು ಯಾರೋ ತುಳಿದು ಒಡೆದರು. ಊರಿನ ದೊಡ್ಡ ಮನೆಯವರು ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದರು. 'ಒಂದ ದೇವ್ರಂತ, ಎರಡು ಬಡಿಗಿ ಅಂತ' ಎಂದು ಒಬ್ಬ ಮೇಲಿನಿಂದ ಕೂಗಿದ್ದಕ್ಕೆ ಉಳಿದವರು ಹೊಟ್ಟೆ ಹಿಡಿದು ನಕ್ಕರು.

ಗುಡಿಗೆ ವಾಪಸು ಬಂದ ಮೇಲೆ, ಕೈಮುರಿದ ಮೂರ್ತಿಯ ಮುಂದೆ ನಿಂತು, ಕೇರಿಯವರೆಲ್ಲ ಕೇಳುವಂತೆ ಉಪದೇಶಿಗಳು ಹೇಳಿದರು: 'ಜ್ಞಾನಸ್ನಾನ ಒಂದ ಸಲ. ಎರಡನೇದು ತಗೊಂಡವ ಮೊದಲನೇದನ್ನ ಉಗುಳಿದಂಗ. ಅಂವ ನಮ್ಮವ ಅಲ್ಲ. ಅಂಥವಗ ನಮ್ಮ ಮಣ್ಣಾಗ ಜಾಗ ಇಲ್ಲ. ನನ್ನ ಮಗ ಆದ್ರೂ ಅಷ್ಟ.'

ಆ ಮಣ್ಣಿನ ಬಗ್ಗೆ ಒಂದು ಮಾತು ಹೇಳಬೇಕು. ಕೇರಿಯವರಿಗೆ ಸ್ವಂತದ್ದು ಎಂದು ಇದ್ದ ನೆಲ ಸಮಾಧಿಯ ಆ ತುಂಡು ಒಂದೇ. ಉಪದೇಶಿಯ ತಂದೆಯ ಕಾಲದಲ್ಲಿ ಅದಕ್ಕಾಗಿ ಊರವರಿಂದ ಒದೆ ತಿಂದಿದ್ದರು, ಹೆಣ ಇಟ್ಟುಕೊಂಡು ಬಿಸಿಲಲ್ಲಿ ಕೂತಿದ್ದರು. ಅಲ್ಲಿ ಜಾಗ ಇಲ್ಲ ಎಂದರೆ ನೀನು ಹುಟ್ಟಿಯೇ ಇಲ್ಲ ಎಂದ ಹಾಗೆ. 

ದಾವೀದನ ದೀಕ್ಷಾಸ್ನಾನ ಮುಂದಿನ ಭಾನುವಾರ ಎಂದು ಗೊತ್ತಾಯಿತು. ಕೇರಿಯ ಹಿಂದೆ ಹರಿಯುವ ಸಣ್ಣ ಕಾಲುವೆಯಲ್ಲಿ, ಎದೆಮಟ್ಟ ನೀರಿನಲ್ಲಿ. ಶನಿವಾರ ಮಧ್ಯಾಹ್ನ ನೀರುಗಂಟಿ ಹುಸೇನಸಾಬ ಮನೆಗೆ ಬಂದ. ದೊಡ್ಡ ಕಾಲುವೆಯಿಂದ ಸಣ್ಣದಕ್ಕೆ ನೀರು ಬಿಡುವ ಗೇಟಿನ ಕೀಲಿ ಅವನ ಹತ್ತಿರ. ನಾನು ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಅನ್ನಮ್ಮ ಅಕ್ಕಿ ಆರಿಸುತ್ತಿದ್ದಳು.

'ಅರೆ ಉಪದೇಶಿ ಸಾಬ್, ನೀರು ಬಂದ್ ಮಾಡು ಅಂತೀರಿ. ಯಾವ ಮುಖ ಇಟ್ಕೊಂಡು ಮಾಡ್ಲಿ? ಎಂಜಿನಿಯರ್ ಬಂದ್ರ ನನ್ನ ನೌಕ್ರಿ ಖತಂ.'

'ಭಾನುವಾರ ಯಾವ ಎಂಜಿನಿಯರ್ ಬರ್ತಾನೋ ಹುಸೇನಾ? ಮುಂಜಾನಿ ಒಂದು ತಾಸು ಇಳಸು, ಆಮ್ಯಾಲ ಎತ್ತು. ಊರ ಗದ್ದಿಗೋಳು ಏನೂ ಒಣಗಂಗಿಲ್ಲ. ನೀರಿಲ್ಲಂದ್ರ ಮುಳುಗೋದಿಲ್ಲ. ಮುಳುಗಲಿಲ್ಲಂದ್ರ ಅಂವ ನನ್ನ ಮಗನಾಗೇ ಇರ್ತಾನ.'

ಹುಸೇನಸಾಬ ಗಡ್ಡ ಕೆರೆದುಕೊಂಡ. 'ನಿಮ್ಮ ದೇವ್ರಿಗೆ ಇಷ್ಟು ನೀರು ಯಾಕ ಬೇಕ್ರೀ? ನಮಗ ಒಂದು ತಂಬಗಿ ಸಾಕು, ಕೈಕಾಲು ಮುಖ ತೊಳದ್ರ ಆತು.' ಅನ್ನಮ್ಮನೂ ನಕ್ಕಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು. ಹುಸೇನಸಾಬ ಚಹಾ ಕುಡಿದು ಒಪ್ಪಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ಕೇರಿಯೆಲ್ಲ ಸಣ್ಣ ಕಾಲುವೆಯ ಈಚೆ ದಂಡೆಯಲ್ಲಿ. ಆಚೆ ದಂಡೆಯಲ್ಲಿ ಕ್ಯಾಂಪಿನವರು, ಬಿಳಿ ಬಟ್ಟೆಯ ದಾವೀದ. ಹಾಡು ಮುಗಿಯುವ ಹೊತ್ತಿಗೆ ನೀರು ಇಳಿಯತೊಡಗಿತು. ಎದೆಮಟ್ಟ ಇದ್ದದ್ದು ಮೊಣಕಾಲಿಗೆ ಬಂತು, ಮೊಣಕಾಲಿನದು ಹಿಮ್ಮಡಿಗೆ ಬಂತು. ಹೂಳಿನಲ್ಲಿ ಸಣ್ಣ ಮೀನುಗಳು ಪಟಪಟ ಹಾರಿದವು. ಈಚೆ ದಂಡೆಯವರು ಕೇಕೆ ಹಾಕಿದರು. 'ಪಾಸ್ಟರ್ರೇ, ಕಪ್ಪಿ ಮುಳುಗೋ ಅಷ್ಟೂ ನೀರಿಲ್ಲ, ಮನಷ್ಯಾನ ಹೆಂಗ ಮುಳುಗಸ್ತೀರಿ?' 'ಉಲ್ಟಾ ಮಲಗಸ್ರಿ, ಮೂಗರ ಮುಳುಗ್ತದ!' ಇನ್ನಾಸಪ್ಪ ಕಿವಿಗೆ ಬಟ್ಟೆ ಕಟ್ಟಿಕೊಂಡೇ ಕುಣಿದ. ಉಪದೇಶಿಗಳು ನಗಲಿಲ್ಲ, ಮಗನನ್ನೇ ನೋಡುತ್ತಿದ್ದರು. ಅವನು ತಿರುಗಿ ಬಂದಾನು ಎಂದು ಕಾಯುತ್ತಿದ್ದರು.

ದಾವೀದ ಕೆಸರಿನಲ್ಲಿ ನಿಂತು ಅಪ್ಪನ ಕಡೆ ನೋಡಿದ. ಆಮೇಲೆ ಪಾಸ್ಟರ ಕೈ ಹಿಡಿದು, 'ನಡೀರಿ, ದೊಡ್ಡ ಕಾಲುವಿಗಿ ಹೋಗೂನು' ಅಂದ. ಪಾಸ್ಟರ್ ಹಿಂದೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. 'ವದ್ದು ತಮ್ಮುಡು, ಬೇಡ, ಇನ್ನೊಂದು ದಿನ ಮಾಡೋಣ' ಎಂದರು. ಈಚೆಯಿಂದ ಯಾರೋ, 'ಅಂಜಿದ್ರು ಪಾಸ್ಟರ್!' ಎಂದು ಕೂಗಿದರು. ಅಷ್ಟೇ. ಎಲ್ಲರೂ ದೊಡ್ಡ ಕಾಲುವೆಯ ಕಡೆ ನಡೆದರು, ಹಾಡುವವರು ಮುಂದೆ, ಬೈಯುವವರು ಹಿಂದೆ.

ದೊಡ್ಡ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಸಣ್ಣದರ ಗೇಟು ಇಳಿಸಿದ್ದರಿಂದ ಆ ನೀರೂ ಇದರಲ್ಲೇ ಸೇರಿ ಏರಿತ್ತು. ಹುಸೇನಸಾಬ ದೂರದಿಂದ ಲುಂಗಿ ಎತ್ತಿಕೊಂಡು ಓಡಿ ಬರುತ್ತಿದ್ದ: 'ನಕ್ಕೋ, ನಕ್ಕೋ! ಇಳೀಬ್ಯಾಡ್ರಿ, ನೀರು ಏರ್ಯದ!' ಕಲ್ಲು ಹಾಸಿದ ಇಳಿಜಾರಿನಲ್ಲಿ ಪಾಸ್ಟರ್ ಮತ್ತು ದಾವೀದ ಆಗಲೇ ಸೊಂಟದವರೆಗೆ ಇಳಿದಿದ್ದರು. ಪಾಚಿಯಿಂದ ಆ ಕಲ್ಲುಗಳು ಹೊಳೆಯುತ್ತಿದ್ದವು. ಪಾಸ್ಟರ ಎಡಗೈ ಅವನ ಬೆನ್ನ ಹಿಂದೆ, ಬಲಗೈ ಮೇಲೆತ್ತಿತ್ತು. ಪ್ರಾರ್ಥನೆಯ ಮಾತು ಕೇಳಿಸುತ್ತಿತ್ತು. ಬಲಗೈ ಇಳಿಯಿತು. ಅದು ಅವನ ಹಣೆ ಮುಟ್ಟಿತು ಎಂದು ಒಮ್ಮೆ ಅನಿಸುತ್ತದೆ, ಮುಟ್ಟುವ ಮೊದಲೇ ಅವನು ಜಾರಿದ ಎಂದು ಇನ್ನೊಂದು ಸಲ. ಬಿಳಿ ಬಟ್ಟೆ ನೀರಿನೊಳಗೆ ಉಬ್ಬಿತು. ಸ್ವಲ್ಪ ಕೆಳಗೆ ಒಂದು ಕೈ ಮೇಲೆ ಬಂದು ಬೆರಳು ಬಿಚ್ಚಿತು. ಪಾಸ್ಟರ್ ಹಿಂದೆಯೇ ಧುಮುಕಿದರು, ಈಜು ಬರುತ್ತಿರಲಿಲ್ಲ, ನಾಲ್ಕು ಜನ ಅವರ ಕೂದಲು ಹಿಡಿದು ಎಳೆದು ಹಾಕಿದರು. ದಾವೀದ ಸಿಗಲಿಲ್ಲ.

ದಂಡೆಗೆ ಎಳೆದು ಹಾಕಿದ ಪಾಸ್ಟರನ್ನು ಅಲ್ಲಿಯೇ ಬಡಿದರು. ಬಾಯಿಂದ ಇನ್ನೂ ನೀರು ಬರುತ್ತಿತ್ತು, ಇನ್ನಾಸಪ್ಪ ಕೊಡಲಿಯ ಕಾವಿನಿಂದ ಅವರ ಬಲಗೈಗೆ ಹೊಡೆದ, ಆ ಕೈಗೇ, ಎರಡು ಸಲ. ಎಲುಬು ಮುರಿದ ಸದ್ದು ಹಸಿ ಕಟ್ಟಿಗೆಯ ಸದ್ದಿನ ಹಾಗಿತ್ತು. ಕ್ಯಾಂಪಿನವರು ತಿರುಗಿ ಬಿದ್ದರು. ಕಲ್ಲು, ಚಪ್ಪಲಿ, ಹಲ್ಲು, ಉಗುರು. ಎರಡೂ ಕಡೆಯವರು ಕೆಸರಿನಲ್ಲಿ ಉರುಳಾಡಿದ ಮೇಲೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ, ತಮ್ಮವರನ್ನೇ ಬಡಿದವರಿದ್ದರು. ಉಪದೇಶಿಗಳೊಬ್ಬರೇ ದಂಡೆಗುಂಟ ಓಡುತ್ತಿದ್ದರು, ನೀರಿನ ಜೊತೆಗೆ, ನೀರಿಗಿಂತ ನಿಧಾನವಾಗಿ.

ಹೆಣ ಮರುದಿನ ಕೆಳಗಿನ ಗೇಟಿನ ಕಂಬಿಗಳಲ್ಲಿ ಸಿಕ್ಕಿತು. ಪೊಲೀಸರು ಬಂದರು, ಮಾನ್ವಿಯ ಆಸ್ಪತ್ರೆಗೆ ಒಯ್ದರು, ಹೊಲಿದು ವಾಪಸು ಕೊಟ್ಟರು. ಸ್ವಾಮಿಗಳು ರಾಯಚೂರಿಗೆ ಹೋಗಿದ್ದರು, ಹೇಳಿ ಕಳಿಸಿದರೂ ಬಂದು ಮುಟ್ಟಲಿಲ್ಲ. ಹೆಣ ಕಾಯುವ ಸ್ಥಿತಿಯಲ್ಲಿರಲಿಲ್ಲ. ಹೊತ್ತುಕೊಂಡು ಸಮಾಧಿಗೆ ಬಂದಾಗ ಇನ್ನಾಸಪ್ಪ ಮತ್ತು ಹಿರಿಯರು ಬಾಗಿಲಿಗೆ ಅಡ್ಡ ನಿಂತಿದ್ದರು.

'ಉಪದೇಶಿ, ನೀವ ಹೇಳಿದ್ದು. ಮಾತೆಯ ಮುಂದ ನಿಂತು ಹೇಳಿದ್ದು. ನಿಮ್ಮ ಮಗಗ ಒಂದು, ನಮ್ಮ ಮಕ್ಕಳಿಗೆ ಒಂದು ಅಂದ್ರ ನಾಳಿ ನಿಮ್ಮ ಮಾತು ಯಾರು ಕೇಳ್ತಾರ?'

ಅಷ್ಟರಲ್ಲಿ ಕ್ಯಾಂಪಿನವರು ಬಂಡಿ ತಂದರು. ಅವರ ಕೈಯಲ್ಲೂ ಬಡಿಗೆಗಳಿದ್ದವು. 'ಅವನು ನಮ್ಮವ. ನೀರಿನಿಂದ ಸೀದಾ ದೇವರ ಹತ್ತಿರ ಹೋದವ. ಕೊಡ್ರಿ' ಎಂದರು. ಅವರ ಹಿಂದೆ ಪಾಸ್ಟರ್, ಕೈ ಕೊರಳಿಗೆ ಕಟ್ಟಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಹೊತ್ತವರು ಚಟ್ಟವನ್ನು ನೆಲಕ್ಕಿಟ್ಟು ಕಲ್ಲು ಆರಿಸತೊಡಗಿದರು. ಇನ್ನೊಂದು ಮಾತಿಗೆ ಇನ್ನೊಂದು ಹೆಣ ಬೀಳುತ್ತಿತ್ತು.

ಉಪದೇಶಿಗಳು ನಡುವೆ ಹೋದರು. ಇನ್ನಾಸಪ್ಪನಿಗೆ ಬೆನ್ನು ಮಾಡಿ ಪಾಸ್ಟರ ಮುಂದೆ ನಿಂತರು.

'ಪಾಸ್ಟರ್ರೇ, ಒಂದ ಮಾತು. ದೇವ್ರ ಮುಂದ ಹೇಳ್ರಿ. ನನ್ನ ಮಗನ್ನ ನಿಮ್ಮ ಕೈ ಮುಳುಗಸ್ತೋ, ನೀರು ಎಳಕೊಂಡ್ತೋ?'

ಗದ್ದಲ ನಿಂತಿತು. ಅಲ್ಲಿದ್ದ ಓದು ಬಾರದವರಿಗೂ ಆ ಪ್ರಶ್ನೆ ತಿಳಿಯಿತು. ಕೈ ಎಂದರೆ ದಾವೀದ ಎರಡನೆಯ ಸ್ನಾನ ಪಡೆದವನು. ಈ ಮಣ್ಣು ಅವನಿಗಿಲ್ಲ, ಕ್ಯಾಂಪಿನವರಿಗೆ ಅವನು ರಕ್ಷಣೆ ಪಡೆದ ಸಾಕ್ಷಿ. ನೀರು ಎಂದರೆ ಅದು ಬರೀ ಕಾಲು ಜಾರಿದ ಸಾವು. ಕೂಸಿದ್ದಾಗಿನ ಜ್ಞಾನಸ್ನಾನವೇ ಅವನ ಮೇಲೆ ಉಳಿಯಿತು, ಅವನು ನಮ್ಮವನು. ಆದರೆ ಆಗ ಪಾಸ್ಟರ ಸ್ವಂತ ಬೋಧನೆಯ ಪ್ರಕಾರ ಆ ಹುಡುಗ ರಕ್ಷಣೆಯಿಲ್ಲದೆ ಹೋದ.

ಪಾಸ್ಟರ್ ಚಟ್ಟದ ಕಡೆ ನೋಡಿದರು. ಆಮೇಲೆ ಅನ್ನಮ್ಮನ ಕಡೆ.

'ನೀರು' ಎಂದರು. 'ನಾನು ಪ್ರಾರ್ಥನೆ ಮುಗಿಸಿರಲಿಲ್ಲ ಅಯ್ಯಾ. ನನ್ನ ಕೈ ಅವನನ್ನ ಮುಟ್ಟಿರಲಿಲ್ಲ. ನೀರೇ.'

ಕ್ಯಾಂಪಿನ ಒಬ್ಬ ಮುದುಕಿ ಎದೆ ಬಡಿದುಕೊಂಡಳು. 'ಅಯ್ಯಗಾರೂ, ಹಾಗಂದ್ರೆ ಆ ಹುಡುಗನಿಗೆ ರಕ್ಷಣೆ ಇಲ್ವಾ? ನೀವೇ ಹೇಳಿದ್ದಲ್ವಾ?'  ಹಬ್ಬದ ದಿನ ಹಲ್ಲು ಉದುರಿದ್ದವನು ಮುಂದೆ ಬಂದು ಪಾಸ್ಟರ ಮುಖಕ್ಕೆ ಉಗಿದ. ಬಂಡಿ ತಿರುಗಿಸಿಕೊಂಡು ಹೋದರು, ಪಾಸ್ಟರನ್ನು ಅಲ್ಲಿಯೇ ಬಿಟ್ಟು. ಮತ್ತೆ ಆ ಚಪ್ಪರದಲ್ಲಿ ಅವರು ಬೋಧಿಸಿದ್ದನ್ನು ನಾನು ಕೇಳಲಿಲ್ಲ.

ಅವರು ಹೇಳಿದ್ದು ನಿಜವೇ? ನಾನೂ ದಂಡೆಯ ಮೇಲಿದ್ದವಳು. ಆ ಕೈ ಹಣೆಗೆ ತಾಗಿ ಹಿಂದಕ್ಕೆ ಬಾಗಿಸಿದ್ದನ್ನು ಕೆಲವು ಸಲ ಎಷ್ಟು ಸ್ಪಷ್ಟವಾಗಿ ಕಾಣುತ್ತೇನೆಂದರೆ, ಅವನ ಮುಚ್ಚಿದ ರೆಪ್ಪೆಗಳೂ ಕಾಣುತ್ತವೆ. ಆದರೆ ನಾನು ನಿಂತಿದ್ದ ಜಾಗದಿಂದ ರೆಪ್ಪೆ ಕಾಣುವುದು ಸಾಧ್ಯವೇ ಇರಲಿಲ್ಲ. ಒಂದು ಅಸಾಧ್ಯವನ್ನು ಸೇರಿಸಿಕೊಂಡ ನೆನಪು ಉಳಿದದ್ದನ್ನು ಮಾತ್ರ ಸರಿಯಾಗಿ ಇಟ್ಟಿರುತ್ತದೆಯೇ? ಅವರು ನಿಜ ಹೇಳಿ ಎಲ್ಲ ಕಳೆದುಕೊಂಡರೋ, ಸುಳ್ಳು ಹೇಳಿ ಎಲ್ಲ ಕಳೆದುಕೊಂಡರೋ, ನಾನು ಹೇಳಲಾರೆ.

ಇನ್ನಾಸಪ್ಪ ಬಾಗಿಲು ಬಿಟ್ಟು ಸರಿದ. ಕುಣಿ ತೋಡಿ, ಅದರ ಪಕ್ಕಕ್ಕೆ ಚಟ್ಟ ತಂದರು.  ಆಗ ಅನ್ನಮ್ಮ ಮೆಲ್ಲಗೆ, ಲೆಕ್ಕ ಬಿಡಿಸುವವಳ ಹಾಗೆ ಕೇಳಿದಳು:

'ನೀರು ಎಳಕೊಂಡ್ತು. ಸಣ್ಣ ಕಾಲುವ್ಯಾಗ ಎದಿಮಟ ನೀರಿತ್ತು. ಅದನ್ನ ಬಂದ್ ಮಾಡಿಸಿದವ್ರು ಯಾರು?'

 ಹುಸೇನಸಾಬ ಬೇಲಿಯ ಆಚೆ ನಿಂತು ಮುಖಕ್ಕೆ ಟವೆಲ್ ಮುಚ್ಚಿಕೊಂಡ.

'ನಾ' ಎಂದರು ಉಪದೇಶಿಗಳು.

'ನೀರು ಅಂದ್ರ ನಿನ್ನ ಮ್ಯಾಲ ಬರ್ತದಂತ ಗೊತ್ತಿದ್ದ ಕೇಳಿದೇನು?'

ಗಂಡನಿಗೆ ಅವಳು ನೀನು ಅಂದದ್ದನ್ನು ಆ ಕೇರಿ ಕೇಳಿದ್ದು ಅದೇ ಮೊದಲು.

'ಗೊತ್ತಿದ್ದ ಕೇಳಿದೆ. ಅವಗ ಮಣ್ಣು ಬೇಕಿತ್ತು.'

ಅವಳು ಬಗ್ಗಿ ಸಲಿಕೆ ಎತ್ತಿಕೊಂಡಳು. ಅದರ ಅಲಗು ಅವರ ಹಣೆಯ ಮೇಲ್ಗಡೆ ಬಿತ್ತು. ಅವರು ಕೈ ಅಡ್ಡ ತರಲಿಲ್ಲ. ಮೊಣಕಾಲೂರಿ ಬಿದ್ದರು, ಎದ್ದರು. ರಕ್ತ ಹುಬ್ಬು ದಾಟಿ ಬಿಳಿ ಜುಬ್ಬಾದ ಮೇಲೆ ಇಳಿಯಿತು. ಅವಳನ್ನು ಹಿಡಿಯಲು ಬಂದ ಅವಳ ದೇವದುರ್ಗದ ಅಣ್ಣನನ್ನು ಅವರೇ ಕೈಸನ್ನೆಯಿಂದ ತಡೆದರು. ಆಮೇಲೆ ಕುಣಿಯ ತಲೆಯ ಕಡೆ ನಿಂತು, ಪುಸ್ತಕವಿಲ್ಲದೆ, ಅಪ್ಪನಿಂದ ಕೇಳಿ ಕಲಿತಿದ್ದ ಸತ್ತವರ ಪ್ರಾರ್ಥನೆ ಶುರು ಮಾಡಿದರು.  ಜನ ಉತ್ತರ ಹೇಳಬೇಕಾದ ಜಾಗ ಬಂತು, ಅವರು ನಿಲ್ಲಿಸಿದರು. ಯಾರೂ ಬಾಯಿ ತೆರೆಯಲಿಲ್ಲ. ಅವರು ಮೊದಲಿನಿಂದ ಮತ್ತೆ ಹೇಳಿ ಮತ್ತೆ ಅಲ್ಲಿಗೇ ಬಂದು ನಿಲ್ಲಿಸಿ ಕಾದರು.

ಆಗ ಸಲಿಕೆ ಹಿಡಿದೇ ನಿಂತಿದ್ದ ಅನ್ನಮ್ಮ ಉತ್ತರ ಹೇಳಿದಳು. ಪ್ರಾರ್ಥನೆ ಮುಗಿಯುವವರೆಗೂ ಅವಳೊಬ್ಬಳೇ ಹೇಳಿದಳು, ಅವರ ಮುಖ ನೋಡದೆ. ಮುಗಿದ ಮೇಲೆ ಅದೇ ಸಲಿಕೆಯಿಂದ ಮಣ್ಣು ಎಳೆಯತೊಡಗಿದಳು.